ಅಂಗೈಯಲ್ಲಿ ಎರಡು ಲವಂಗ

ಹೆಂಡತಿ ಬಸುರಿ ಅಂತ ಗೊತ್ತಾದ ವಾರದಲ್ಲೇ ನಮ್ಮಜ್ಜಿ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಏನೇನು ಮಾಡಬಾರದು ಅಂತ ಹೇಳಿದಳು. ಹೆಣಕ್ಕೆ ಹೆಗಲು ಕೊಡಬಾರದು. ತೆಂಗಿನಕಾಯಿ ಒಡೆಯಬಾರದು. ಹಾವು ಕಂಡರೆ ಹೊಡೆಯಬಾರದು. ಹೊಸ ಮನೆಗೆ ಪಾಯ ತೆಗೆಸಬಾರದು. ಬೆಟ್ಟದ ಯಾತ್ರೆಗೆ ಹೋಗಬಾರದು, ಅಂದರೆ ಆ ವರ್ಷ ಶಬರಿಮಲೆ ಇಲ್ಲ. ಎಲ್ಲದಕ್ಕೂ ಹೂಂ ಅಂದೆ. ಕುಡಿಯಬಾರದು ಅಂತ ಮಾತ್ರ ಅಜ್ಜಿ ಹೇಳಲಿಲ್ಲ. ಅಜ್ಜಿಯೊಬ್ಬಳೇ ಅಲ್ಲ, ತಾಯಿ ಕಾರ್ಡ್ ಮಾಡಿಸಿಕೊಟ್ಟ ಆಶಾ ಅಕ್ಕನೂ ಹೇಳಲಿಲ್ಲ, ಸ್ಕ್ಯಾನಿಂಗಿಗೆ ಹೋದಾಗ ಡಾಕ್ಟರೂ ಕೇಳಲಿಲ್ಲ. ಅವರು ಕೇಳುವುದೆಲ್ಲ ಅವಳನ್ನೇ. ಕಬ್ಬಿಣದ ಮಾತ್ರೆ ತಗೊಂಡೆಯಾ, ಸೊಪ್ಪು ತಿಂತೀಯಾ, ಮಗು ಒದೀತಾ. ನಾನು ಹೊರಗೆ ಬೆಂಚಿನ ಮೇಲೆ ಫೋನ್ ನೋಡಿಕೊಂಡು ಕೂತಿರುತ್ತಿದ್ದೆ.

ನಾನು ಕೋಲಾರದ ಎಪಿಎಂಸಿಯಲ್ಲಿ ಒಂದು ಟೊಮೆಟೊ ಮಂಡಿಯ ರೈಟರು. ಹರಾಜು ಕೂಗುವವನು ಮುಂದೆ ಮುಂದೆ ಹೋಗುತ್ತಿದ್ದರೆ ನಾನು ಹಿಂದೆಯೇ ಲಾಟು, ಬಾಕ್ಸು, ದರ, ತಗೊಂಡವರ ಹೆಸರು ಬರೆದುಕೊಂಡು ಹೋಗಬೇಕು. ಆಮೇಲೆ ಗಲ್ಲಾದ ಪಕ್ಕ ಕೂತು ರೈತರಿಗೆ ಪಟ್ಟಿ ಬರೆದು ಕೊಡಬೇಕು. ಒಟ್ಟು ಮೊತ್ತ ಇಷ್ಟು, ಗಾಡಿ ಬಾಡಿಗೆ ಇಷ್ಟು, ಹಮಾಲಿ ಇಷ್ಟು, ಕಳೆದು ಕೈಗೆ ಇಷ್ಟು. ಸಂಜೆ ಲೋಡುಗಳು ಉತ್ತರದ ಕಡೆಗೆ ಹೊರಟ ಮೇಲೆ ನಾಲ್ಕೈದು ಜನ ಸೇರುತ್ತಿದ್ದೆವು. ಶುರುವಿನಲ್ಲಿ ನೈಂಟಿ, ಅಂದರೆ 90 ಮಿ.ಲೀ. ವಿಸ್ಕಿ. ನಾಲ್ಕೈದು ವರ್ಷದಲ್ಲಿ ಅದೇ ಕ್ವಾರ್ಟರ್, ಅಂದರೆ 180 ಆಯಿತು. ಮೈಕೈ ನೋವಿಗೆ ಅಂತ ಹಮಾಲಿಗಳು ಹೇಳುತ್ತಾರೆ. ಪೆನ್ನು ಹಿಡಿಯುವ ನನಗೆ ಯಾವ ಮೈಕೈ ನೋವು? ಆದರೂ ನಾನೂ ಅದನ್ನೇ ಹೇಳುತ್ತಿದ್ದೆ.

ನಾನು ಕುಡುಕನಲ್ಲ ಅನ್ನುವುದಕ್ಕೆ ನನ್ನ ಹತ್ತಿರ ಗಟ್ಟಿ ಸಾಕ್ಷಿ ಇತ್ತು, ಅದು ಅಯ್ಯಪ್ಪನ ಮಾಲೆ. ಅದಕ್ಕೆ ಮುಂಚೆ ನಾಲ್ಕು ಸಲ ಹಾಕಿದ್ದೆ. 48 ದಿನ ತಣ್ಣೀರು ಸ್ನಾನ, ಒಪ್ಪೊತ್ತು ಊಟ, ಒಂದು ತೊಟ್ಟು ಮುಟ್ಟಿದವನಲ್ಲ. ಬೇಕಾದಾಗ ಬಿಡಬಲ್ಲೆ ಅನ್ನುವ ಧೈರ್ಯ ಅಲ್ಲಿಂದ ಬಂದದ್ದು. ಬೆಟ್ಟದಿಂದ ಬಂದು ಅಮ್ಮ ಮಾಲೆ ತೆಗೆದ ಸಂಜೆಗೇ ಬಾಟಲಿ ತೆಗೆಯುತ್ತಿದ್ದೆ ಅನ್ನುವುದನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳುತ್ತಿರಲಿಲ್ಲ. 2022ರಲ್ಲಿ ಅಜ್ಜಿ ಮಾಲೆ ಬೇಡ ಅಂದಳಲ್ಲ, ವರ್ಷಕ್ಕೊಮ್ಮೆ ಸಿಗುತ್ತಿದ್ದ ಆ 48 ದಿನವೂ ಹೋಯಿತು.

ಹಾಗಂತ ಮೊದಲ ಮೂರು ತಿಂಗಳು ನಾನು ಕುಡಿದದ್ದು ಕಡಿಮೆಯೇ. ಒಳ್ಳೆಯತನಕ್ಕಲ್ಲ. ವಾಸನೆ ಬಡಿದರೆ ಸಾಕು, ಅವಳಿಗೆ ವಾಂತಿ. ಒಗ್ಗರಣೆಗೂ ವಾಂತಿ, ನನಗೂ ವಾಂತಿ. ಎರಡು ಸಲ ರಾತ್ರಿ ಹಾಸಿಗೆ ಸುತ್ತಿಕೊಂಡು ತಾರಸಿಗೆ ಹೋಗಿ ಮಲಗಿದೆ. ಡಿಸೆಂಬರ್ ಚಳಿ, ಅಂತರಗಂಗೆ ಬೆಟ್ಟದ ಕಡೆಯಿಂದ ಗಾಳಿ. ಹಾಗಾಗಿ ವಾರಕ್ಕೆ ಮೂರು ದಿನಕ್ಕೆ ಇಳಿಸಿದ್ದೆ. ಆದರೆ ಪಾರ್ಟಿಗಳು ಬಿಡಬೇಕಲ್ಲ. ವಿಷಯ ತಿಳಿದ ದಿನ ಪಾರ್ಟಿ. ಸ್ಕ್ಯಾನಿಂಗ್ ಚೆನ್ನಾಗಿದೆ ಅಂದಾಗ ಪಾರ್ಟಿ. ಮೇ ತಿಂಗಳಲ್ಲಿ ಸೀಮಂತ. ಒಳಗೆ ಹೆಂಗಸರು ಹಸಿರು ಬಳೆ ತೊಡಿಸಿ ಮಡಿಲು ತುಂಬುತ್ತಿದ್ದರೆ, ಶಾಮಿಯಾನದ ಹಿಂದೆ ನೀರಿನ ಕ್ಯಾನ್ ಮರೆಯಲ್ಲಿ ನಾವು ಪ್ಲಾಸ್ಟಿಕ್ ಲೋಟ ಹಿಡಿದಿದ್ದೆವು. ಅಪ್ಪ ಆಗುವವನಿಗೆ ನಮ್ಮಲ್ಲಿ ಇರುವ ಶಾಸ್ತ್ರ ಅದೊಂದೇ ಅನ್ನಿಸುತ್ತೆ.

ಸೀಮಂತ ಮುಗಿಸಿ ಅವಳು ತವರಿಗೆ ಹೋದಳು. ಶ್ರೀನಿವಾಸಪುರದ ಆಚೆ ಮಾವಿನ ತೋಪುಗಳ ನಡುವೆ ಒಂದು ಹಳ್ಳಿ. ಏಳನೇ ತಿಂಗಳಿಗೆ ಹೋದವಳು ಮಗುವಿಗೆ ಐದು ತುಂಬುವಾಗ ಬರುತ್ತಾಳೆ. ಏಳು ತಿಂಗಳು ನಾನು ಬಾಡಿಗೆ ಮನೆಯಲ್ಲಿ ಒಬ್ಬನೇ. ಮಗು ಬಂದ ಮೇಲೆ ಗಂಡಸು ತಾನೇ ಸರಿಹೋಗುತ್ತಾನೆ ಅಂತ ಎಲ್ಲರೂ ಹೇಳುತ್ತಾರೆ. ಯಾವ ಮಗು? ನನ್ನ ಮಗು 20 ಮೈಲಿ ಆಚೆ ತೊಟ್ಟಿಲಲ್ಲಿತ್ತು. ನನ್ನ ಮನೆಯಲ್ಲಿ ಇದ್ದದ್ದು ಖಾಲಿ ಸಂಜೆಗಳು. ಬಾಣಂತನದಲ್ಲಿ ತಾಯಿಗೆ ಎಣ್ಣೆನೀರು, ಖಾರದ ಸಾರು, ಬಿಸಿ ಅನ್ನ, ತಲೆಗೆ ಬಟ್ಟೆ, ಹೊತ್ತುಹೊತ್ತಿಗೆ ನೋಡಿಕೊಳ್ಳುವ ಅಮ್ಮ ಎಲ್ಲ ಉಂಟು. ಅಪ್ಪನಿಗೆ ಒಂದು ಕೆಲಸವೂ ಇಲ್ಲ, ಒಂದು ಕಟ್ಟುಪಾಡೂ ಇಲ್ಲ. ನಾನು ನಿಜವಾಗಿ ಕೆಟ್ಟದ್ದು ಆ ತಿಂಗಳುಗಳಲ್ಲಿ. ಮದುವೆಗೆ ಮುಂಚೆಯೂ ಅಷ್ಟು ಕುಡಿದಿರಲಿಲ್ಲ.

ಅದರ ಮೇಲೆ 2023ರ ಜುಲೈ. ಮಂಡಿಯಲ್ಲಿದ್ದ ಯಾರೂ ಆ ತಿಂಗಳು ಮರೆಯುವುದಿಲ್ಲ. ಬೇಸಿಗೆಯಲ್ಲಿ ಕೇಳುವವರಿಲ್ಲದ ಟೊಮೆಟೊ, 15 ಕೆಜಿ ಬಾಕ್ಸಿಗೆ ಎರಡು ಸಾವಿರ ದಾಟಿತು. ತೋಟಕ್ಕೆ ರಾತ್ರಿ ಕಾವಲು, ಪಟ್ಟಿ ಹಿಡಿದು ಅಳುವ ರೈತರು. ಖುಷಿಗೆ ಅಳುವುದನ್ನು ನಾನು ನೋಡಿದ್ದು ಆಗಲೇ. ರೈಟರಿಗೂ ಐನೂರು, ಸಾವಿರ ಕೈಗೆ ತುರುಕುತ್ತಿದ್ದರು. ಅದೇ ತಿಂಗಳ ಬಜೆಟ್ಟಿನಲ್ಲಿ ಸರ್ಕಾರ ವಿಸ್ಕಿ, ಬ್ರಾಂದಿಯ ಮೇಲೆ ಅಬಕಾರಿ ಸುಂಕ ಶೇ. 20 ಏರಿಸಿತು. ಬೆಲೆ ಏರಿದರೆ ಕುಡಿಯುವುದು ಕಡಿಮೆಯಾಗುತ್ತೆ ಅನ್ನುವವರು ನನ್ನನ್ನು ಕೇಳಬೇಕು. ನಾನು ಬ್ರ್ಯಾಂಡ್ ಒಂದು ಮೆಟ್ಟಿಲು ಇಳಿಸಿದೆ, ಅಳತೆ ಇಳಿಸಲಿಲ್ಲ. ಜುಲೈ ಕೊನೆಯ ವಾರ ಮಗಳು ಹುಟ್ಟಿದಳು. ಆ ರಾತ್ರಿಯ ಪಾರ್ಟಿಯ ಬಿಲ್ಲು ಕಟ್ಟಿದವನು ನಾನೇ, ಮುಗಿದದ್ದು ಹೇಗೆ ಅಂತ ಮಾತ್ರ ಗೊತ್ತಿಲ್ಲ.

ಆಗಸ್ಟ್ ಕೊನೆಯ ಭಾನುವಾರ ಬೆಳಿಗ್ಗೆ ಮಗು ನೋಡಲು ಹೋದೆ. ಹಿಂದಿನ ರಾತ್ರಿ ಒಂಬತ್ತಕ್ಕೆ ಶುರುವಾಗಿ ಹನ್ನೆರಡೂವರೆವರೆಗೆ ಎರಡು ಕ್ವಾರ್ಟರ್ ಆಗಿತ್ತು. ಎದ್ದು ತಲೆಗೆ ಸ್ನಾನ ಮಾಡಿ, ಇಸ್ತ್ರಿ ಶರ್ಟು ಹಾಕಿ, ಎಂಟರ ಹೊತ್ತಿಗೆ ಬೈಕಿನಲ್ಲಿ ಅತ್ತೆ ಮನೆ ಮುಂದೆ ಇಳಿದೆ. ಬೆಳಿಗ್ಗೆ ಒಂದು ಹನಿ ಮುಟ್ಟಿರಲಿಲ್ಲ, ಹಾಗಾಗಿ ನಾನು ಶುದ್ಧ ಅಂತಲೇ ತಿಳಿದಿದ್ದೆ.

ಬಾಣಂತಿ ಕೋಣೆಗೆ ಕಾಲು ತೊಳೆದೇ ಹೋಗಬೇಕು, ಅದು ಎಲ್ಲರ ಮನೆಯಲ್ಲೂ ಇರುವುದೇ. ಅತ್ತೆ ಮಗುವನ್ನು ಎತ್ತಿಕೊಂಡು ಬಾಗಿಲಲ್ಲಿ ನಿಂತಿದ್ದರು. "ಕಾಳ್ಳು ಕಡುಕ್ಕೋನಿ ರಾಪ್ಪಾ" ಅಂದರು. ಅವರ ಮನೆಮಾತು ತೆಲುಗು. ಬಚ್ಚಲ ಹತ್ತಿರ ಹೋಗಿ ತೊಳೆದು ಬಂದು ಕೈ ಚಾಚಿದೆ. ಅತ್ತೆ ಮಗುವನ್ನು ಇನ್ನೊಂದು ಹೆಗಲಿಗೆ ಹಾಕಿಕೊಂಡು ನನಗೆ ಅರ್ಥವಾಗಲಿಲ್ಲವೇನೋ ಅನ್ನುವ ಹಾಗೆ ಕನ್ನಡದಲ್ಲಿ ಹೇಳಿದರು, "ಕಾಲು ತೊಳ್ಕೊಂಡು ಬನ್ನಿ." ಹಿಮ್ಮಡಿಗೆ ಮಣ್ಣು ಉಳಿದಿರಬೇಕು ಅಂದುಕೊಂಡು ಮತ್ತೆ ಹೋದೆ, ಕಲ್ಲಿಗೆ ಉಜ್ಜಿ ಉಜ್ಜಿ ತೊಳೆದೆ. ಎರಡನೇ ಸಲ ಕೈ ಚಾಚಿದಾಗ ಅವರು ಏನೂ ಅನ್ನಲಿಲ್ಲ. ಸೊಂಟದ ಚೀಲದಿಂದ ಎರಡು ಲವಂಗ ತೆಗೆದು ನನ್ನ ಅಂಗೈಗೆ ಹಾಕಿದರು. ನೀರು ಕಾದಿದೆ, ಮಗುವಿಗೆ ಎರೆಯಬೇಕು ಅಂತ ಹಿತ್ತಲಿಗೆ ನಡೆದರು.

ಒಳಗೆ ಮಂಚದ ಮೇಲೆ ಅವಳು ಮಲಗಿದ್ದಳು. ಕಿವಿ ಮುಚ್ಚುವ ಹಾಗೆ ತಲೆಗೆ ಬಟ್ಟೆ, ಸಾಂಬ್ರಾಣಿ ವಾಸನೆ. ನನ್ನ ಕೈಯಲ್ಲಿದ್ದದ್ದು ನೋಡಿದಳು. "ಅಪ್ಪನಿಗೂ ಅಮ್ಮ ಹಂಗೇ ಕೊಡ್ತಿತ್ತು" ಅಂದಳು. ಬೈಯಲಿಲ್ಲ. ಬೈದಿದ್ದರೆ ನಾನೂ ಏನಾದರೂ ಅಂದು ಹಗುರಾಗುತ್ತಿದ್ದೆ. ಬರುವಾಗ ಇಡೀ ದಾರಿ ಲವಂಗ ಬಾಯಲ್ಲಿ ಉರಿಯುತ್ತಿತ್ತು.

ಮಾರನೇ ದಿನದಿಂದ ನಾನು ಮಾಡಿದ್ದು ಇಷ್ಟೇ, ನನ್ನ ಕುಡಿತಕ್ಕೆ ಒಂದು ಪಟ್ಟಿ ಬರೆದೆ. ಬಿಡಬೇಕು ಅಂತ ಇನ್ನೂ ತೀರ್ಮಾನ ಮಾಡಿರಲಿಲ್ಲ. ಮಂಡಿಯ ಖಾಲಿ ಪಟ್ಟಿ ಪುಸ್ತಕ ಒಂದನ್ನು ಮನೆಗೆ ತಂದು, ರೈತನ ಹೆಸರಿನ ಜಾಗದಲ್ಲಿ ನನ್ನ ಹೆಸರು ಬರೆದೆ. ಲಾಟಿನ ಜಾಗಕ್ಕೆ ವಾರ, ಬಾಕ್ಸಿನ ಜಾಗಕ್ಕೆ ಮಿ.ಲೀ. ಸೋಮವಾರ 180, ಮಂಗಳವಾರ 180, ಬುಧವಾರ 270, ಗುರುವಾರ 180, ಶುಕ್ರವಾರ 90, ಶನಿವಾರ 360, ಭಾನುವಾರ 270. ಕೂಡಿದರೆ 1,530. ಲೀಟರುಗಟ್ಟಲೆ ಕುಡಿಯುವುದು ಅಂತ ಬೇರೆಯವರ ಬಗ್ಗೆ ಹೇಳುತ್ತಿದ್ದೆನಲ್ಲ, ಇದು ಒಂದೂವರೆ ಲೀಟರ್. ಖರ್ಚಿನ ಕಾಲಂನಲ್ಲಿ ಕಬಾಬ್, ಮೊಟ್ಟೆ, ಸೋಡ, ಕುಡಿಯದ ಗೆಳೆಯನ ಬಿರಿಯಾನಿ, ಎಲ್ಲ ಸೇರಿ ವಾರಕ್ಕೆ ಎರಡು ಸಾವಿರ ದಾಟಿತು. ಬೇರೆಯವರ ಪಟ್ಟಿಯಲ್ಲಿ ಎರಡು ರೂಪಾಯಿ ತಪ್ಪಿದರೆ ಹಿಡಿಯುವವನು ನಾನು. ಇನ್ನೊಂದು ವಿಷಯವನ್ನೂ ಆ ವಾರ ಗಮನಿಸಿದೆ. ಬೆಳಿಗ್ಗೆ ಒಂಬತ್ತಕ್ಕೆ ಮುಂಚೆ ಬರೆದ ಪಟ್ಟಿಗಳಲ್ಲಿ ನನ್ನ ಅಂಕಿಗಳು ನಡುಗುತ್ತಿದ್ದವು. 8ರ ಮೇಲಿನ ಸುತ್ತು ಮುಚ್ಚುತ್ತಲೇ ಇರಲಿಲ್ಲ. ಹತ್ತರ ಮೇಲೆ ಬರೆದವು ನೆಟ್ಟಗಿದ್ದವು.

ಆ ನಡುಕವೇ ನನ್ನನ್ನು ಆಸ್ಪತ್ರೆಗೆ ಕಳಿಸಿತು. ಯಾಕೆಂದರೆ ನಮ್ಮಲ್ಲೊಬ್ಬ ಹಮಾಲಿ ಹಿಂದೊಮ್ಮೆ ಮಾಲೆ ಹಾಕಿದ ಎರಡನೇ ದಿನ ಬಾಕ್ಸುಗಳ ನಡುವೆ ಬಿದ್ದು ಕೈಕಾಲು ಸೆಟೆದುಕೊಂಡಿದ್ದ, ಬಾಯಲ್ಲಿ ನೊರೆ. ವ್ರತದಲ್ಲಿ ಏನೋ ಮೈಲಿಗೆಯಾಗಿದೆ ಅಂತ ಎಲ್ಲರೂ ಮಾತಾಡಿಕೊಂಡರು. ನಾನೂ ನಂಬಿದ್ದೆ. ಮಂಗಳವಾರ ರಜೆ ಹಾಕಿ ಮನೋರೋಗದ ಡಾಕ್ಟರಮ್ಮನ ಮುಂದೆ ಕೂತಾಗ ಅದನ್ನು ಹೇಳಿದೆ. ಅದು ಮೈಲಿಗೆಯಲ್ಲ, ದಿನಾ ಹೆಚ್ಚು ಕುಡಿಯುವವರು ಏಕಾಏಕಿ ನಿಲ್ಲಿಸಿದರೆ ಬರುವ ಫಿಟ್ಸ್, ಮೊದಲ ಎರಡು ದಿನ ಅದರ ಅಪಾಯ, ಅದಾದ ಮೇಲೆ ಎರಡು ಮೂರು ದಿನ ಬಡಬಡಿಸುವುದು, ಇಲ್ಲದ್ದು ಕಾಣುವುದು ಎಲ್ಲ ಬರಬಹುದು, ಜೀವಕ್ಕೇ ಬರಬಹುದು ಅಂದರು. ಛಲ ಮಾಡಿ ಒಬ್ಬರೇ ಮನೆಯಲ್ಲಿ ನಿಲ್ಲಿಸಬೇಡಿ ಅಂತ ಹೇಳಿದ ಮೊದಲನೆಯವರು ಅವರು. ಮಿಕ್ಕವರೆಲ್ಲ ಛಲ ಮಾಡು ಅಂತಲೇ ಹೇಳಿದ್ದು.

ಹತ್ತು ಪ್ರಶ್ನೆ ಕೇಳಿದರು. ವಿಶ್ವ ಆರೋಗ್ಯ ಸಂಸ್ಥೆಯವರು ಮಾಡಿದ್ದಂತೆ. ಎಷ್ಟು ದಿನಕ್ಕೊಮ್ಮೆ, ಕೂತರೆ ಎಷ್ಟು, ಶುರುಮಾಡಿದ ಮೇಲೆ ನಿಲ್ಲಿಸಲು ಆಗದೆ ಹೋದದ್ದುಂಟಾ, ರಾತ್ರಿ ನಡೆದದ್ದು ಬೆಳಿಗ್ಗೆ ನೆನಪಿಲ್ಲದ್ದುಂಟಾ, ಮನೆಯವರು ಕಡಿಮೆ ಮಾಡು ಅಂದದ್ದುಂಟಾ. 40ಕ್ಕೆ ನನಗೆ 18 ಬಂತು. 8 ಬಂದರೇ ಯೋಚನೆ ಮಾಡಬೇಕಂತೆ. ನನ್ನ ಪಟ್ಟಿ ತೆಗೆದು ಕೊಟ್ಟೆ. ಡಾಕ್ಟರಮ್ಮ ನಕ್ಕರು, ಇಷ್ಟು ನೀಟಾಗಿ ಯಾರೂ ತಂದಿರಲಿಲ್ಲ ಅಂತ. ಆಮೇಲೆ ಪಕ್ಕದಲ್ಲೇ ಲೆಕ್ಕ ಹಾಕಿ ತೋರಿಸಿದರು. 30 ಮಿ.ಲೀ. ವಿಸ್ಕಿ ಅಂದರೆ ಒಂದು ಯೂನಿಟ್, ಅದರಲ್ಲಿ ಸುಮಾರು 10 ಗ್ರಾಂ ಅಸಲಿ ಆಲ್ಕೋಹಾಲ್. ಕ್ವಾರ್ಟರ್ ಅಂದರೆ ಆರು ಯೂನಿಟ್. ನನ್ನ ವಾರ 51 ಯೂನಿಟ್. ಲಿವರ್ ಗಂಟೆಗೆ ಹೆಚ್ಚುಕಡಿಮೆ ಒಂದು ಯೂನಿಟ್ ಅರಗಿಸುತ್ತೆ. ಸ್ನಾನ, ಕಾಫಿ, ನಿಂಬೆರಸ ಯಾವುದೂ ಅದನ್ನು ಓಡಿಸುವುದಿಲ್ಲ. ಆ ಭಾನುವಾರದ ಲೆಕ್ಕ ನಾನೇ ಮನಸ್ಸಿನಲ್ಲಿ ಹಾಕಿದೆ. ಹನ್ನೆರಡು ಯೂನಿಟ್, ರಾತ್ರಿ ಒಂಬತ್ತಕ್ಕೆ ಶುರು. ಅಂದರೆ ಬೆಳಿಗ್ಗೆ ಎಂಟಕ್ಕೆ ಅತ್ತೆ ಮುಂದೆ ಕೈ ಚಾಚಿದಾಗಲೂ ಅದು ರಕ್ತದಲ್ಲಿತ್ತು, ಉಸಿರಲ್ಲಿತ್ತು. ಅದೇ ಸ್ಥಿತಿಯಲ್ಲಿ ಬೈಕ್ ಓಡಿಸಿಕೊಂಡು ಹೋಗಿದ್ದೆ. 100 ಮಿ.ಲೀ. ರಕ್ತದಲ್ಲಿ 30 ಮಿ.ಗ್ರಾಂ ದಾಟಿದರೆ ಕಾನೂನಿನಲ್ಲಿ ಅದು ಕುಡಿದು ಓಡಿಸಿದ್ದೇ.

ದಿನದಿನಕ್ಕೆ ಕಡಿಮೆಯಾಗುತ್ತಾ ಹೋಗುವ ಮಾತ್ರೆ ಒಂದು ವಾರಕ್ಕೆ, ಜೊತೆಗೆ ಬಿ1 ವಿಟಮಿನ್ ಕೊಟ್ಟರು. ಮೂರನೇ ದಿನ ಬಂದು ಮುಖ ತೋರಿಸಿ ಅಂದರು. ಅಮ್ಮನನ್ನು ಕರೆಸಿ ಆ ವಾರ ಜೊತೆಯಲ್ಲಿ ಇಟ್ಟುಕೊಂಡೆ. ಬೆವರು, ಎದೆ ಬಡಿತ, ನಿದ್ದೆ ಇಲ್ಲ, ಬಂದರೆ ಕೆಟ್ಟ ಕನಸು. ನಾಲ್ಕನೇ ದಿನಕ್ಕೆ ಇಳಿಯಿತು. ಆ ಮಾತ್ರೆಗಳ ಹೆಸರು ಇಲ್ಲಿ ಬರೆಯುವುದಿಲ್ಲ, ಮೆಡಿಕಲ್‌ನಲ್ಲಿ ಕೇಳಿ ತಗೊಳ್ಳುವ ವಸ್ತುವಲ್ಲ ಅದು, ಅದಕ್ಕೇ ಚಟ ಹತ್ತುತ್ತೆ. ಇನ್ನೊಂದು ಮಾತು. ನಮ್ಮ ಭಾಮೈದ ಪಾಪ ಒಳ್ಳೆಯ ಉದ್ದೇಶದಿಂದಲೇ, ಗೊತ್ತಾಗದ ಹಾಗೆ ಸಾರಿನಲ್ಲಿ ಬೆರೆಸುವ ಪುಡಿ ಸಿಗುತ್ತೆ ಅಕ್ಕಾ ಅಂತ ಹೇಳಿದ್ದನಂತೆ. ಗೋಡೆ ಮೇಲೆ, ಬಸ್ಸಿನ ಹಿಂದೆ ಬರೆಸಿರುತ್ತಾರಲ್ಲ. ಅಂಥದ್ದರಲ್ಲಿ ಕುಡಿತ ಬಿಡಿಸುವ ಮಾತ್ರೆ ಇದ್ದರೆ, ತಿಂದದ್ದು ಗೊತ್ತಿಲ್ಲದೆ ಮೇಲೆ ಕುಡಿದರೆ, ಮುಖ ಕೆಂಪಾಗಿ ವಾಂತಿಯಾಗಿ ಬಿ.ಪಿ. ಕುಸಿದು ಪ್ರಾಣವೇ ಹೋಗಬಹುದು. ಮಾತ್ರೆ ಕೆಟ್ಟದ್ದಲ್ಲ, ಕದ್ದು ಹಾಕುವುದು ಕೆಟ್ಟದ್ದು. ನಮ್ಮಲ್ಲಿ ತಾಲ್ಲೂಕು ಆಸ್ಪತ್ರೆಗಳಲ್ಲೂ ಮಂಗಳವಾರದ ಮನೋಚೈತನ್ಯ ಕ್ಲಿನಿಕ್ ಅಂತ ನಡೆಯುತ್ತೆ. ಅಲ್ಲಿಗೂ ಹೋಗಲು ನಾಚಿಕೆಯಾದರೆ 14416ಕ್ಕೆ ಫೋನ್ ಮಾಡಬಹುದು, ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ. ದುಡ್ಡು ಕೇಳುವುದಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ನಿದ್ದೆ ಬರದ ಒಂದು ರಾತ್ರಿ ಎರಡು ಗಂಟೆಗೆ ನಾನು ಮಾಡಿದ್ದೇನೆ.

ದೇಹದ ಪಾಡು ಒಂದು ವಾರಕ್ಕೆ ಮುಗಿಯಿತು. ಸಂಜೆ ಏಳು ಗಂಟೆಯ ಪಾಡು ತಿಂಗಳುಗಟ್ಟಲೆ.

ಮೊದಲು ಜಾಣತನ ಮಾಡಲು ಹೋದೆ. ಗೆಳೆಯರ ಜೊತೆ ಕೂರುತ್ತೇನೆ, ಆದರೆ ಬರೀ ನಿಂಬೆ ಸೋಡ. ಮೂರು ದಿನ ನಡೆಯಿತು. ಅಲ್ಲಿನ ಮಾತು ಮೊದಲ ಸುತ್ತಿನವರೆಗೆ ಚೆನ್ನಾಗಿರುತ್ತೆ, ಆಮೇಲೆ ಹೇಳಿದ್ದೇ ಹೇಳುತ್ತಾರೆ. ಅಷ್ಟು ವರ್ಷ ನಾನೂ ಅದನ್ನೇ ಹೇಳಿದ್ದೆ ಅನ್ನುವುದು ಕೇಳಿಸಿಕೊಂಡಾಗ ನಾಚಿಕೆಯಾಯಿತು. ನಾಲ್ಕನೇ ದಿನ ಒಬ್ಬ ನನ್ನ ಸೋಡಕ್ಕೆ ತಮಾಷೆಗೆ ಬೆರೆಸಲು ಬಾಟಲಿ ಬಗ್ಗಿಸಿದ. ಎದ್ದು ಬಂದವನು ಮತ್ತೆ ಆ ಮೇಜಿಗೆ ಹೋಗಲಿಲ್ಲ. ಡಾಕ್ಟರಮ್ಮನಿಗೆ ಹೇಳಿದರೆ, ಅಂಗಡಿ ಮುಂದೆ ಕೂತು ಉಪವಾಸ ಮಾಡೋಕೆ ಯಾರು ಹೇಳಿದ್ದು ನಿಮಗೆ ಅಂದರು.

ಹೊಟ್ಟೆ ತುಂಬಿದ್ದರೆ ಆಸೆ ಅರ್ಧ ಇಳಿಯುತ್ತೆ ಅನ್ನುವುದು ಅಮ್ಮನಿಂದ ಕಲಿತದ್ದು. ಆರೂವರೆಗೇ ಮುದ್ದೆ, ಬಸ್ಸಾರು, ಮೇಲೆ ಮಜ್ಜಿಗೆ. ದೊಡ್ಡದೊಂದು ಮುದ್ದೆ ಇಳಿದ ಹೊಟ್ಟೆಗೆ ವಿಸ್ಕಿ ನೆನಪಾದರೂ ಜಾಗ ಇರುವುದಿಲ್ಲ. ಎರಡನೆಯದು, ಸಾವ್ಕಾರರ ಹತ್ತಿರ ಹೋಗಿ ರಾತ್ರಿ ಏಳರಿಂದ ಹತ್ತರವರೆಗೆ ಬರುವ ಗಾಡಿಗಳ ಎಂಟ್ರಿ ನಾನೇ ಬರೆಯುತ್ತೇನೆ ಅಂದೆ. ಕಾರಣ ಕೇಳಿದರು. ಸುಳ್ಳು ಹೇಳಲು ಮನಸ್ಸಾಗಲಿಲ್ಲ. ಅವರು ಏನೂ ಅನ್ನದೆ ಪುಸ್ತಕ ನನ್ನ ಕಡೆ ತಳ್ಳಿದರು, ತಿಂಗಳ ಕೊನೆಗೆ ಐನೂರು ಜಾಸ್ತಿ ಕೊಟ್ಟರು. ಮೂರನೆಯದು ಸಂಬಳ ಹೆಂಡತಿಯ ಅಕೌಂಟಿಗೆ. ನನ್ನ ಫೋನ್ ಪೇಯಲ್ಲಿ ಐನೂರರ ಮೇಲೆ ಇಡುತ್ತಿರಲಿಲ್ಲ. ಇದಕ್ಕೆ ಗೆಳೆಯರು ಮಾಡಿದ ಗೇಲಿ ಬರೆದರೆ ಇನ್ನೊಂದು ಲೇಖನವಾಗುತ್ತೆ.

ಆದರೆ ಇವೆಲ್ಲ ತಡೆಗಳು. ನನ್ನನ್ನು ಹಿಡಿದು ನಿಲ್ಲಿಸಿದ್ದು ಲಂಗೋಟಿ. ಕುಡಿತ ನಿಲ್ಲಿಸಿದ ಮೇಲಿನ ಭಾನುವಾರ ಹೋದಾಗ ಅತ್ತೆ ಕಾಲು ತೊಳೆಯಿರಿ ಅಂತ ಒಂದೇ ಸಲ ಹೇಳಿದರು. ಮಗುವನ್ನು ಕೈಗೆ ಕೊಟ್ಟರು. ಐದು ನಿಮಿಷ ಹಿಡಿದುಕೊಂಡು ಕೂತೆ, ಅತ್ತಿತು, ವಾಪಸ್ ತಗೊಂಡರು. ಆಮೇಲೆ? ನಡುಮನೆಯಲ್ಲಿ ಕುರ್ಚಿ, ಟಿ.ವಿ., ಕಾಫಿ. ಅಳಿಯ ಅಂದರೆ ಅತಿಥಿ. ಆ ಕುರ್ಚಿಯಲ್ಲಿ ಕೂತಾಗಲೇ ಗಂಟಲು ಒಣಗುತ್ತಿದ್ದದ್ದು. ಎದ್ದು ಹಿತ್ತಲಿಗೆ ಹೋಗಿ, ಏನಾದರೂ ಕೆಲಸ ಕೊಡಿ ಅತ್ತೆ ಅಂದೆ. ಅವರಿಗೆ ಗಾಬರಿ. ಬಕೆಟ್ಟಿನಲ್ಲಿ ಮಗುವಿನ ಬಟ್ಟೆ ನೆನೆಹಾಕಿತ್ತು. ನಲ್ಲಿ ಕೆಳಗೆ ಕೂತು ಒಗೆಯಲು ಶುರು ಮಾಡಿದೆ. ಹಳೇ ಪಂಚೆ ಹರಿದು ಮಾಡಿದ ಚೌಕ ತುಂಡುಗಳು, ಇಪ್ಪತ್ತೆರಡೋ ಇಪ್ಪತ್ಮೂರೋ. ಅರಿಶಿನದ ಬಣ್ಣದ ಕಲೆ ಬಿಸಿಲಿಗೆ ಬಿಟ್ಟರೆ ಮಾತ್ರ ಹೋಗುತ್ತೆ, ಸೋಪಿಗಲ್ಲ, ಅದನ್ನು ಅತ್ತೆ ಹೇಳಿಕೊಟ್ಟರು. ಪಕ್ಕದ ಮನೆಯಾಕೆ ಗೋಡೆ ಮೇಲಿಂದ ಬಗ್ಗಿ ನೋಡಿ, ಅಳಿಯ ಲಂಗೋಟಿ ಒಗೀತಾನೆ ಅಂತ ಊರಿಗೆಲ್ಲ ಹೇಳಿಕೊಂಡು ಬಂದಳು. ಡಿಸೆಂಬರ್‌ವರೆಗೆ ಪ್ರತಿ ಭಾನುವಾರ ಅದು ನನ್ನ ಕೆಲಸ. ಭಾನುವಾರ ಎಂಟಕ್ಕೆ ಅಲ್ಲಿರಬೇಕು ಅಂದರೆ ಶನಿವಾರ ರಾತ್ರಿ ಮುಟ್ಟುವಂತಿಲ್ಲ, ಗಂಟೆಗೆ ಒಂದು ಯೂನಿಟ್ಟಿನ ಲೆಕ್ಕ ಗೊತ್ತಲ್ಲ.

ಬಿದ್ದದ್ದನ್ನೂ ಬರೆಯಬೇಕು. ನಲವತ್ತನೇ ದಿನ, ಅಕ್ಟೋಬರ್ 14, ಮಹಾಲಯ ಅಮಾವಾಸ್ಯೆ. ನಮ್ಮ ಮನೆಯಲ್ಲಿ ಹಿರಿಯರಿಗೆ ಎಡೆ ಇಡುತ್ತೇವೆ. ಹೊಸ ಪಂಚೆ, ಮಾಂಸದ ಸಾರು, ವಡೆ, ಕಜ್ಜಾಯ, ಅವರವರು ಇಷ್ಟಪಡುತ್ತಿದ್ದದ್ದು. ಅಪ್ಪನಿಗೆ ಒಂದು ಕಟ್ಟು ಬೀಡಿ, ಒಂದು ಕ್ವಾರ್ಟರ್. ಅಪ್ಪ ಸಾರಾಯಿ ಪ್ಯಾಕೆಟ್ ಕಾಲದವನು. 2007ರ ಜುಲೈ 1ರಿಂದ ಸರ್ಕಾರ ಸಾರಾಯಿ ನಿಲ್ಲಿಸಿದಾಗ ಅಮ್ಮ ದೇವರಿಗೆ ತುಪ್ಪದ ದೀಪ ಹಚ್ಚಿದ್ದಳು. ಒಂದು ವಾರ ಅಪ್ಪ ಪೇಚಾಡಿದ, ಆಮೇಲೆ ಅಗ್ಗದ ವಿಸ್ಕಿ ಹಿಡಿದ. ಹೋಗುವಾಗ ಕಣ್ಣು ಹಳದಿಯಾಗಿ ಹೊಟ್ಟೆ ಮಡಕೆಯ ಹಾಗೆ ಊದಿತ್ತು. ಅದೇ ಬಾಟಲಿಯನ್ನು ಅವನ ಫೋಟೋ ಮುಂದೆ ಇಟ್ಟು ಕೈಮುಗಿಯುವುದರಲ್ಲಿ ಏನೋ ಎಡವಟ್ಟು ಅಂತ ನನಗೆ ಯಾವತ್ತೂ ಅನ್ನಿಸಿರಲಿಲ್ಲ. ಧೂಪ ಹಾಕಿ ಬಾಗಿಲು ಹಾಕಿ ತೆಗೆದ ಮೇಲೆ, ಎಡೆಯಲ್ಲಿ ಇದ್ದದ್ದು ಪ್ರಸಾದ. ಚಿಕ್ಕಪ್ಪ ಅರ್ಧ ತಗೊಂಡು ಉಳಿದದ್ದು ನನ್ನ ಮುಂದೆ ಇಟ್ಟ. ಅಪ್ಪಂದು ಕಣೋ, ಬೇಡ ಅನ್ನಬಾರದು ಅಂದ. 90 ಅಷ್ಟೇ. ಎಂಟು ಗಂಟೆಗೆ ಹೊರಗೆ ಹೋಗಿ ಇನ್ನೊಂದು 180.

ಮಾರನೇ ದಿನ ಭಾನುವಾರ. ಹೋಗಲಿಲ್ಲ. ಹುಷಾರಿಲ್ಲ ಅಂತ ಫೋನ್ ಮಾಡಿದೆ. ಅವಳು "ಸರಿ" ಅಂದು ಇಟ್ಟಳು. ಆ ಸರಿ ಎಂಥದ್ದು ಅಂತ ಗಂಡಸರಿಗೆ ಗೊತ್ತಿರುತ್ತೆ. ಮಂಗಳವಾರ ಡಾಕ್ಟರಮ್ಮನ ಹತ್ತಿರ ಹೋದೆ, ಉಗಿಸಿಕೊಳ್ಳಲು ಸಿದ್ಧವಾಗಿ. ಅವರು ಎಷ್ಟು ಮಿ.ಲೀ., ಎಷ್ಟು ಗಂಟೆಗೆ, ಯಾರ ಜೊತೆ, ಆಮೇಲೆ ಎರಡು ದಿನ ಕುಡಿದ್ರಾ ಅಂತ ಕೇಳಿ ಬರೆದುಕೊಂಡರು. ಇಲ್ಲ ಅಂದೆ. ಹಾಗಾದರೆ ಪಟ್ಟಿ ಮುಂದುವರಿಸಿ ಅಂದರು. ಆಮೇಲೆ ಮನಸ್ಸು ಹೇಗಿದೆ, ಅಳು ಬರುತ್ತಾ, ಯಾವುದರಲ್ಲೂ ಆಸಕ್ತಿ ಇಲ್ಲ ಅನ್ನಿಸುತ್ತಾ ಅಂತ ಕೇಳಿದರು. ಹೆತ್ತವಳಿಗೆ ಮಾತ್ರವಲ್ಲ, ಮಗುವಾದ ಮೇಲೆ ಗಂಡಸರಿಗೂ ಖಿನ್ನತೆ ಬರುವುದುಂಟಂತೆ, ಕೆಲವರು ಅದನ್ನು ಕುಡಿದು ಮುಚ್ಚುತ್ತಾರಂತೆ. ನನಗೆ ಹಾಗೇನೂ ಇರಲಿಲ್ಲ. ಕೇಳಿದರಲ್ಲ ಅನ್ನುವುದೇ ಹಿತವಾಯಿತು.

ಆ ಚಳಿಗಾಲ ಗುರುಸ್ವಾಮಿ ಮಾಲೆಗೆ ಕರೆದರು. ಹಾಕಲಿಲ್ಲ. ಮಾಲೆಯ ಮೇಲೆ ಭಕ್ತಿ ಕಡಿಮೆಯಾಗಿ ಅಲ್ಲ. ಕೊರಳಿಗೆ ಬಿದ್ದ ದಿನದಿಂದಲೇ ತೆಗೆಯುವ ದಿನವನ್ನು ಎಣಿಸಲು ನನ್ನ ಮೈ ಕಲಿತುಬಿಟ್ಟಿತ್ತು. ಇನ್ನೊಮ್ಮೆ ಹಾಗೆ ಎಣಿಸುವುದು ಬೇಡ ಅನ್ನಿಸಿತು. ನಾಮಕರಣದ ಪಾರ್ಟಿ ಎಲ್ಲಿ ಅಂತ ಮಂಡಿಯವರು ಬಿಡಲಿಲ್ಲ. ಕೊಟ್ಟೆ, ಮಧ್ಯಾಹ್ನ ಹನ್ನೆರಡೂವರೆಗೆ, ಹದಿನೈದು ಜನಕ್ಕೆ ಮಟನ್ ಬಿರಿಯಾನಿ ತರಿಸಿ ಮಂಡಿಯಲ್ಲೇ. ಹರಾಜು ಮುಗಿದ ಹಸಿವಿಗೆ ಯಾರೂ ಬಾಟಲಿ ಎಲ್ಲಿ ಅಂತ ಕೇಳಲಿಲ್ಲ. ಅಪ್ಪ ಆಗುವವರಿಗೆ ನಾನು ಧೈರ್ಯವಾಗಿ ಕೊಡುವ ಸಲಹೆ ಇದೊಂದೇ, ಪಾರ್ಟಿ ಮಧ್ಯಾಹ್ನ ಕೊಡಿ.

ಡಿಸೆಂಬರ್‌ನಲ್ಲಿ ತಾಯಿ ಮಗಳು ಮನೆಗೆ ಬಂದರು. ಅಲ್ಲಿಂದ ಎಲ್ಲ ಸುಖ ಅಂದುಕೊಳ್ಳಬೇಡಿ. ಬಿಟ್ಟ ಮೇಲೆ ನನಗೆ ಸಿಟ್ಟು ಜಾಸ್ತಿಯಾಗಿತ್ತು. ಉಪ್ಪು ಕಡಿಮೆಯಾದರೆ ಸಿಟ್ಟು, ಚಾರ್ಜರ್ ಸಿಗದಿದ್ದರೆ ಸಿಟ್ಟು. ಒಂದು ದಿನ ಅವಳು, "ಏನ್ರೀ ಇದು, ಕುಡೀತಿದ್ದಾಗ್ಲೇ ಚೆನ್ನಾಗಿದ್ರಿ" ಅಂದಳು. ನಾನು ಎಷ್ಟು ಕಷ್ಟಪಟ್ಟು ಬಿಟ್ಟಿದ್ದೀನಿ ಗೊತ್ತಾ ಅಂದೆ. "ನಾನು ಒಂಬತ್ತು ತಿಂಗಳು ಹೊತ್ತು ಹೆತ್ತೆ, ನನಗೆ ಯಾರಾದ್ರೂ ಸನ್ಮಾನ ಮಾಡಿದ್ರಾ?" ಉತ್ತರ ಇರಲಿಲ್ಲ, ಮಗುವನ್ನು ಎತ್ತಿಕೊಂಡು ತಾರಸಿಗೆ ಹೋದೆ. ರಾತ್ರಿ ಮೂವರೂ ನೆಲದ ಮೇಲೆ ಒಂದೇ ಹಾಸಿಗೆಯಲ್ಲಿ. ಕುಡಿದ ಅಪ್ಪ ಕೂಸಿನ ಪಕ್ಕ ಮಲಗಬಾರದು, ಹೊರಳಿ ಮೇಲೆ ಬಿದ್ದರೂ ಎಚ್ಚರವಾಗುವುದಿಲ್ಲ, ಮಗುವಿಗೆ ಉಸಿರು ಕಟ್ಟಬಹುದು ಅಂತ ಲಸಿಕೆ ಹಾಕಿಸಲು ಹೋದಾಗ ನರ್ಸಮ್ಮ ಹೇಳಿದ್ದರು. ಅದನ್ನು ಹೇಳಿದಾಗ ಅವರು ನೋಡಿದ್ದು ಅವಳನ್ನಲ್ಲ, ನನ್ನನ್ನು. ಯಾರಾದರೂ ಒಬ್ಬರು ನನ್ನನ್ನೂ ನೋಡಿ ಹೇಳಿದರಲ್ಲ ಅನ್ನಿಸಿತು. ಮಧ್ಯರಾತ್ರಿ ಅವಳು ಹಾಲು ಕೊಟ್ಟ ಮೇಲೆ ಹೆಗಲಿಗೆ ಹಾಕಿ ತೇಗಿಸುವುದು ನನ್ನ ಪಾಲು.

ಪಟ್ಟಿ ಪುಸ್ತಕ ಇನ್ನೂ ಇದೆ. 2024ರಲ್ಲಿ ಎರಡು ಎಂಟ್ರಿ ಇವೆ, ಒಂದು ಮದುವೆ, ಒಂದು ಸಾವು. ಅಡಗಿಸಿಲ್ಲ.

ಆ ವರ್ಷದ ಮಹಾಲಯ ಅಮಾವಾಸ್ಯೆ ಅಕ್ಟೋಬರ್ 2ಕ್ಕೆ ಬಂತು. ಗಾಂಧಿ ಜಯಂತಿ, ಅಂಗಡಿ ಎಲ್ಲ ಬಂದ್. ಚಿಕ್ಕಪ್ಪ ಹಿಂದಿನ ದಿನವೇ ತಂದಿಟ್ಟುಕೊಂಡಿದ್ದ. ಇಡೋದೋ ಬೇಡವೋ ಅಂತ ಅಮ್ಮ ನನ್ನ ಮುಖ ನೋಡಿದಳು. ಇಡಮ್ಮ, ಅಪ್ಪಂದು ಅದು ಅಂದೆ. ಬಾಗಿಲು ತೆಗೆದಾಗ ಮಗಳು ಎಲ್ಲರಿಗಿಂತ ಮುಂಚೆ ತಪ್ಪುಹೆಜ್ಜೆ ಹಾಕಿಕೊಂಡು ಹೋಗಿ ಎಡೆಯಿಂದ ವಡೆ ಎತ್ತಿಕೊಂಡಳು. ಹದಿನಾಲ್ಕು ತಿಂಗಳು, ಆಗಷ್ಟೇ ನಡಿಗೆ. ತಾತನೇ ಕೊಟ್ಟ ಅಂತ ಅಮ್ಮ ಕಣ್ಣೊರೆಸಿಕೊಂಡಳು. ಚಿಕ್ಕಪ್ಪ ಬಾಟಲಿಯನ್ನು ಪಂಚೆಯ ಮಡಿಕೆಯಲ್ಲಿ ಸೇರಿಸಿಕೊಂಡು ಹಿತ್ತಲಿಗೆ ಹೋದ, ನನ್ನನ್ನು ಕೇಳಲಿಲ್ಲ. ಅರ್ಧ ಗಂಟೆಯ ಮೇಲೆ ಬಾಯಿ ಒರೆಸಿಕೊಳ್ಳುತ್ತಾ ಬಂದು, ಬಾರಮ್ಮಾ ಬಂಗಾರಿ ಅಂತ ಮಗುವಿಗೆ ಕೈ ಚಾಚಿದ.

"ಕಾಲು ತೊಳ್ಕೊಂಡು ಬಾ ಚಿಕ್ಕಪ್ಪ" ಅಂದೆ.

"ಆಗ್ಲೇ ತೊಳೆದ್ನಲ್ಲೋ" ಅಂತ ಗೊಣಗಿಕೊಂಡು ಬಚ್ಚಲ ಕಡೆ ನಡೆದ.